ಸೆಕ್ಟಿನ ಜಗಳ, ಏಕಾದಶಿಯ ಮಿರ್ಚಿ

ಕಂಪ್ಲಿಗೆ ಹೋಗುವುದು, ಒಂದು ಇಂಗ್ಲಿಷ್ ಪದದ ವಿಷಯದಲ್ಲಿ ನಾನು ಸೋತೆ ಎಂದು ಗೆಳೆಯನ ಮುಂದೆ ಒಪ್ಪಿಕೊಳ್ಳುವುದು, ದೀಪ ಹಚ್ಚುವ ಹೊತ್ತಿಗೆ ಹೊಸಪೇಟೆಗೆ ವಾಪಸ್ಸು ಬಂದು ಹೆಂಡತಿ ಬಡಿದ ರೊಟ್ಟಿ ಮುರಿಯುವುದು. ಇಷ್ಟೇ ಕೆಲಸ. ಇದರಲ್ಲಿ ಕೆಡಿಸುವುದಕ್ಕೆ ಏನಿದೆ ಹೇಳಿ? ಏನೂ ಇಲ್ಲ ಎಂದೇ ನಾನೂ ತಿಳಿದಿದ್ದೆ!

ಮೊದಲು ಜಗಳದ ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಬಸವರಾಜ, ಹೊಸಪೇಟೆಯ ಚಿತ್ತವಾಡ್ಗಿಯವನು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಗುರುರಾಜ ಅದೇ ಶಾಲೆಯಲ್ಲಿ ಗಣಿತದ ಮೇಷ್ಟ್ರು. ನನ್ನ ಹಣೆಯ ಮೇಲೆ ಅಡ್ಡಡ್ಡ ವಿಭೂತಿ. ಅವನ ಹಣೆಯ ಮೇಲೆ ಉದ್ದುದ್ದ ಕಪ್ಪು ಗೆರೆ, ಅದರ ಬುಡಕ್ಕೆ ಒಂದು ಕೆಂಪು ಬೊಟ್ಟು. ನಾನು ಶೈವ, ಅವನು ವೈಷ್ಣವ. ಬೇರೆಯವರು ಸಂಜೆಯಾದರೆ ವಾಕಿಂಗ್ ಹೋಗುತ್ತಾರೆ, ಟೀವಿ ನೋಡುತ್ತಾರೆ. ನಾವಿಬ್ಬರೂ ಕಾಲುವೆ ದಂಡೆಯ ಕಲ್ಲಿನ ಮೇಲೆ ಕೂತು ಜಗಳಾಡುತ್ತಿದ್ದೆವು.

"ನಿಮ್ಮ ದೇವ್ರಿಗೆ ಒಂದು ಮನಿ ಇಲ್ಲೇನಲೇ ಬಸ್ಯಾ? ಹೋಗಿ ಹೋಗಿ ಸುಡುಗಾಡಿನ್ಯಾಗ ಕುಂತಾನ!" ಎಂದು ಅವನು ಶುರು ಮಾಡುವನು.

"ನಿಮ್ಮಾಂವ ಹಾವಿನ ಮ್ಯಾಲ ಮಲಕ್ಕೊಂಡು ಎಷ್ಟು ಯುಗ ಆತಲೇ ಗುರ್ಯಾ? ಯಾರಾದ್ರೂ ಎಬ್ಬಸ್ರಲೇ ಅವನ್ನ!" ಎಂದು ನಾನು ಕೊಡುವೆ.

ದನಿ ಏರುತ್ತಿತ್ತು, ಕೈಗಳು ಬೀಸಾಡುತ್ತಿದ್ದವು, ಹೊಸಬರು ನಿಂತು ನೋಡುತ್ತಿದ್ದರು. ಜಗಳ ಮುಗಿದ ಮೇಲೆ ಇಬ್ಬರೂ ನಮ್ಮ ಮನೆಯ ಮಾಳಿಗೆ ಹತ್ತುತ್ತಿದ್ದೆವು. ನನ್ನ ಹೆಂಡತಿ ಗಿರಿಜಾ ಬಿಸಿ ಮಿರ್ಚಿ ಭಜಿ, ಮಂಡಕ್ಕಿ ಒಗ್ಗರಣೆ, ಜೊತೆಗೆ ಹೆಚ್ಚಿದ ಹಸಿ ಉಳ್ಳಾಗಡ್ಡಿ ಇಟ್ಟಿರುತ್ತಿದ್ದಳು. ಗುರ್ಯಾನ ಮನೆಯಲ್ಲಿ ಉಳ್ಳಾಗಡ್ಡಿಯ ಹೆಸರೆತ್ತುವಂತಿಲ್ಲ. ಅವನ ಹೆಂಡತಿ ಇಂದಿರಾಬಾಯಿ ಮಡಿಯಲ್ಲಿ ಭಾರೀ ಗಟ್ಟಿ. ಆದ್ದರಿಂದ ಆ ಮಹಾನುಭಾವ ನಮ್ಮ ಮಾಳಿಗೆಯ ಮೇಲೆ ತಿನ್ನುವಷ್ಟು ತಿಂದು, ಆಮೇಲೆ ನಾಲ್ಕು ಲವಂಗ ಜಗಿದು, ಏನೂ ಆಗಿಯೇ ಇಲ್ಲವೆನ್ನುವ ಮುಖ ಹೊತ್ತು ಮನೆಗೆ ಹೋಗುತ್ತಿದ್ದ.

ಒಂದು ದಿನ ಹಂಪಿಗೆ ಹೋಗಿ ವಾಪಸ್ಸು ಬರುವಾಗ ಕಡ್ಡಿರಾಂಪುರದ ರಸ್ತೆ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು. ಪಕ್ಕದ ಟೇಬಲ್ಲಿನಲ್ಲಿದ್ದ ಪರದೇಶದ ಹೆಣ್ಣುಮಗಳೊಬ್ಬಳು ನಮ್ಮಿಬ್ಬರ ಹಣೆಗಳನ್ನೂ ನೋಡಿ, ನೀವಿಬ್ಬರೂ ಬೇರೆ ಬೇರೆ ಸೆಕ್ಟಿನವರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದೆಂದೆವು. ಅವಳು ನಕ್ಕು, ಚಹಾ ಮುಗಿಸಿ, ಸೈಕಲ್ಲು ಹತ್ತಿ ಹೋದಳು. ನಮ್ಮ ಕೈಗೆ ಸೆಕ್ಟ್ ಎಂಬ ಪದ ಕೊಟ್ಟು ಹೋದಳು!

"ಸೆಕ್ಟ್ ಅಂದ್ರ ಪಂಥ. ಮೂಲ ಲ್ಯಾಟಿನ್. ಕತ್ತರಿಸೂದು ಅಂತ ಅರ್ಥ," ಎಂದೆ. ಇಂಗ್ಲಿಷ್ ಮೇಷ್ಟ್ರು ನಾನಲ್ಲವೇ! "ದೊಡ್ಡ ಧರ್ಮದಿಂದ ಕತ್ತರಿಸಿಕೊಂಡು ಹೋದ ತುಂಡು. ಸೆಕ್ಷನ್ ಇಲ್ಲೇನು? ಇನ್ಸೆಕ್ಟ್ ಇಲ್ಲೇನು, ಮೈಯೆಲ್ಲಾ ತುಂಡುತುಂಡು ಇರತೈತಿ. ನಿಮ್ಮ ಗಣಿತದಾಗ ಬೈಸೆಕ್ಟ್ ಅಂತೀರಲ್ಲ, ಅದೂ ಕಟ್ ಅಂತಲೇ."

"ಅಲ್ಲ," ಎಂದ ಗುರ್ಯಾ. "ಕಟ್ ಅಲ್ಲ, ಫಾಲೋ. ಒಬ್ಬ ಗುರುವಿನ ಹಿಂದ ಹೋಗೋ ಮಂದಿ. ನಮ್ಮ ಗಣಿತದಾಗ ಸೀಕ್ವೆನ್ಸ್ ಅಂತ ಅದ, ಒಂದರ ಹಿಂದ ಒಂದು. ಅದರ ಅಣ್ಣತಮ್ಮ ಇದು."

ನಮ್ಮ ಜಗಳಕ್ಕೆ ಒಂದು ಕಾನೂನಿತ್ತು. ಯಾರೂ ಜೇಬಿನಿಂದ ಫೋನು ತೆಗೆಯುವಂತಿಲ್ಲ, ಪುಸ್ತಕ ಬಿಚ್ಚುವಂತಿಲ್ಲ, ಮೂರನೆಯವರನ್ನು ಕೇಳುವಂತಿಲ್ಲ. ಉತ್ತರ ಸಿಕ್ಕರೆ ಜಗಳ ಸಾಯುತ್ತದೆ! ಹಾಗಾಗಿ ಸೆಕ್ಟಿನ ಜಗಳ ದಿನದಿನಕ್ಕೂ ಹುಲುಸಾಗಿ ಬೆಳೆಯಿತು. ಅಂಥ ಸೊಗಸಾದ ಜಗಳ ನಮಗೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ಅದು ಚೆನ್ನಾಗಿ ಕಾದ ಹೊತ್ತಿಗೇ ಇಂದಿರಾಬಾಯಿಯವರಿಗೆ ಕಂಪ್ಲಿಯಲ್ಲಿ ತವರಿನ ಮನೆ ಪಾಲಿಗೆ ಬಂತು. ಇಲ್ಲಿಯ ಬಾಡಿಗೆ ಮನೆ ಬಿಟ್ಟು ಇಬ್ಬರೂ ಅಲ್ಲಿಗೆ ಹೊರಟರು. ಸಾಮಾನು ತುಂಬಿದ ಲಾರಿಯ ಮುಂದಿನ ಸೀಟಿನಲ್ಲಿ ಕೂತ ಗುರ್ಯಾ, ಲಾರಿ ಹೊರಟ ಮೇಲೆ ಕುತ್ತಿಗೆ ಹೊರಗೆ ಹಾಕಿ "ಫಾಲೋ ಲೇ!" ಎಂದು ಕೂಗಿದ. ನಾನು ಹೊಗೆ ನುಂಗುತ್ತಾ "ಕಟ್ ಲೇ!" ಎಂದು ಕೂಗಿದೆ. ಕೇಳಿಸಿತೋ ಇಲ್ಲವೋ.

ಆಮೇಲೆ ಶುರುವಾಯಿತು ನೋಡಿ ನನ್ನ ಫಜೀತಿ. ಫೋನಿನಲ್ಲಿ ಜಗಳ ಕೂಡಿ ಬರಲಿಲ್ಲ. "ಊಟ ಆತೇನಲೇ?" "ಆತು. ನಿಂದು?" "ಆತು." ಇಷ್ಟಕ್ಕೆ ಮುಗಿಯುತ್ತಿತ್ತು. ಅವನ ದನಿಯೂ ಯಾಕೋ ತಣ್ಣಗಾಗಿತ್ತು. ನಾನು ಬೇರೆ ಯಾರಾದರೂ ಸಿಗುತ್ತಾರೇನೋ ಎಂದು ಹುಡುಕಿದೆ. ಕಾಲುವೆ ಹತ್ತಿರದ ಚಹಾದಂಗಡಿಯ ಹನುಮಂತನಿಗೆ, "ನಿನ್ನ ಚಹಾ ಬರೇ ನೀರು," ಎಂದು ಕೆಣಕಿದೆ. "ಹೌದ್ರೀ ಸರ, ಇವತ್ತ ಹಾಲು ಕಡಿಮಿ ಬಿತ್ರಿ," ಎಂದು ಒಪ್ಪಿಕೊಂಡುಬಿಟ್ಟ! ಆಟೋದವನನ್ನು ಕೆಣಕಿದರೆ, "ನೀವು ನಮಗ ಪಾಠ ಹೇಳಿದವ್ರು, ನಿಮ್ಮ ಎದುರು ಮಾತಾಡಾಕ ಆಗತೈತೇನ್ರೀ?" ಎಂದು ಕೈ ಮುಗಿದ. ಕೊನೆಗೆ ಗಿರಿಜಾಳ ಮೇಲೆ ಕೈ ಮಾಡಿ ನೋಡಿದೆ. ತಪ್ಪು ತಿಳಿಯಬೇಡಿ, ಬಾಯಿ ಮಾಡಿ ನೋಡಿದೆ!

"ಗಿರಿಜಾ, ನಿನ್ನ ಪುಂಡಿಪಲ್ಯಕ್ಕ ಉಪ್ಪು ಹೆಚ್ಚಾಗೇತಿ."

"ಹಂಗಾದ್ರ ಬಿಡ್ರಿ, ಚಟ್ನಿ ಹಚ್ಚಿಕೊಂಡು ತಿನ್ರಿ," ಎಂದಳು.

ಇದು ಜಗಳವೇ? ಊರಿಗೆ ಊರೇ ನನ್ನ ಮಾತಿಗೆ ಹೌದು ಎನ್ನತೊಡಗಿತ್ತು. ಅದಕ್ಕಿಂತ ಒಂಟಿತನ ಬೇರೆ ಇಲ್ಲ. ಸಂಜೆ ಕಾಲುವೆ ಕಲ್ಲಿನ ಮೇಲೆ ಕೂತರೆ ಪಕ್ಕದ ಕಲ್ಲು ಖಾಲಿ. ನೀರು ಹರಿದು ಹೋಗುವುದನ್ನು ನೋಡುತ್ತಾ ಕೂತಿರುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ನನಗೆ ಗುರ್ಯಾ ಬೇಕಾಗಿದ್ದ. ನಾನು ಏನು ಹೇಳಿದರೂ "ಅಲ್ಲ" ಎನ್ನುವ ಒಂದು ಬಾಯಿ ಬೇಕಾಗಿತ್ತು. ಸುಮ್ಮನೆ ನೋಡಬೇಕೆನಿಸಿತು ಎಂದು ಕಂಪ್ಲಿಗೆ ಹೋಗಬಹುದಿತ್ತು. ಆದರೆ ಹಾಗೆಂದು ಗುರ್ಯಾನ ಮುಖ ನೋಡಿ ಹೇಳುವುದು ಹೇಗೆ? ಒಂದು ನೆಪ ಬೇಕು.

ಅದಕ್ಕೇ ಒಂದು ಸಂಜೆ ಕಾನೂನು ಮುರಿದೆ. ಆ ಕಲ್ಲಿನ ಮೇಲೇ ಕೂತು ಫೋನು ತೆಗೆದು ಸೆಕ್ಟಿನ ಮೂಲ ಹುಡುಕಿದೆ. ನಾನು ಗೆದ್ದ ಸುದ್ದಿ ಹೊತ್ತು ಕಂಪ್ಲಿಗೆ ದಂಡೆತ್ತಿ ಹೋಗುವುದು ನನ್ನ ಲೆಕ್ಕಾಚಾರ. ಫೋನು ಹೇಳಿತು: ಲ್ಯಾಟಿನ್ನಿನಲ್ಲಿ ಹಿಂಬಾಲಿಸು ಎಂಬ ಅರ್ಥದ ಪದದಿಂದ ಬಂದದ್ದು. ಕತ್ತರಿಸು ಎಂಬುದರಿಂದ ಬಂದಿದೆ ಎಂದು ಕೆಲವರು ತಪ್ಪಾಗಿ ತಿಳಿಯುತ್ತಾರೆ ಎಂದೂ ಕೆಳಗೆ ಬರೆದಿತ್ತು. ಆ ಕೆಲವರು ನಾನೇ!

ಗಣಿತದ ಮೇಷ್ಟ್ರ ಕೈಲಿ ಇಂಗ್ಲಿಷಿನಲ್ಲಿ ಸೋಲುವುದೆಂದರೆ ಸಣ್ಣ ಮಾತೇ? ಸ್ವಲ್ಪ ಹೊತ್ತು ಮುಖ ಸಪ್ಪಗೆ ಮಾಡಿಕೊಂಡು ಕೂತೆ. ಆಮೇಲೆ ಎದೆಯೊಳಗೆ ಏನೋ ಹಗುರಾಯಿತು. ಗೆದ್ದರೆ ಮಾತ್ರ ಹೋಗಬೇಕೆಂದು ಎಲ್ಲಿದೆ? ಸೋತೆ ಎಂದು ಹೇಳಲೂ ಹೋಗಬಹುದಲ್ಲ!

"ಫೋನ್ ಮಾಡಿ ಹೋಗ್ರಿ," ಎಂದಳು ಗಿರಿಜಾ.

"ಬ್ಯಾಡ. ಹೇಳದ ಕೇಳದ ಹೋಗಿ ಬಾಗಿಲಾಗ ನಿಂತ್ರ ಅದರ ಗಮ್ಮತ್ತೇ ಬ್ಯಾರೆ."

"ನಿಮ್ಮ ಗಮ್ಮತ್ತು ನನಗ ಗೊತ್ತಿಲ್ಲೇನು," ಎನ್ನುತ್ತಲೇ ಅವಳು ಮಿರ್ಚಿ ಕರಿದು, ಒಗ್ಗರಣೆ ಮಾಡಿ, ಉಳ್ಳಾಗಡ್ಡಿ ಹೆಚ್ಚಿ ಸ್ಟೀಲಿನ ಡಬ್ಬಿಗೆ ತುಂಬಿದಳು. "ಡಬ್ಬಿ ಮರೀಬ್ಯಾಡ್ರಿ. ನಮ್ಮವ್ವ ಕೊಟ್ಟಿದ್ದು."

ಬಸ್ಸಿನಲ್ಲಿ ಕಮಲಾಪುರ ದಾಟುವ ಹೊತ್ತಿಗೆ ಡಬ್ಬಿಯ ಪರಿಮಳ ಹಿಂದಿನ ಸೀಟಿನವರೆಗೂ ಹೋಗಿ ಸೇರಿತ್ತು. ಬಾಳೆತೋಟಗಳ ನಡುವೆ ಬಸ್ಸು ಕುಲುಕಿದಂತೆಲ್ಲ ಡಬ್ಬಿಯಿಂದ ಎಣ್ಣೆ ಇಳಿದು, ಚೀಲ ದಾಟಿ, ನನ್ನ ಬಿಳಿ ಅಂಗಿಯ ಮೇಲೆ ಹರಡಿಕೊಂಡಿತು. ನನಗೆ ಅದರ ಪರಿವೆಯೇ ಇಲ್ಲ. ಕಣ್ಣು ಮುಚ್ಚಿ ಶರಣಾಗತಿಯ ಭಾಷಣ ಬಾಯಿಪಾಠ ಮಾಡುತ್ತಿದ್ದೆ. ಮಾನ್ಯ ಗುರುರಾಜರೇ, ಸೆಕ್ಟ್ ಎಂಬ ಶಬ್ದದ ವ್ಯುತ್ಪತ್ತಿಗೆ ಸಂಬಂಧಿಸಿದಂತೆ ನಾನು ಈ ಮೂಲಕ ವಿನಮ್ರನಾಗಿ ನಿವೇದಿಸಿಕೊಳ್ಳುವುದೇನೆಂದರೆ...

ಗುರ್ಯಾನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಸದ್ದಿಲ್ಲ. ಒಲೆಯ ಹೊಗೆ ಇಲ್ಲ, ಒಗ್ಗರಣೆಯ ವಾಸನೆ ಇಲ್ಲ. ನಡುಮನೆಯಲ್ಲಿ ಗುರ್ಯಾ ಚಾಪೆಯ ಮೇಲೆ ಬಾಡಿದ ಸೊಪ್ಪಿನ ಹಾಗೆ ಬಿದ್ದುಕೊಂಡಿದ್ದ. ನನ್ನನ್ನು ನೋಡಿದವನೇ ಎದ್ದು ಕೂತ. ಅವನ ಮುಖ ಅರಳಿತು, ಮೂಗೂ ಅರಳಿತು, ಆಮೇಲೆ ಮುಖ ಬಿಳಿಚಿಕೊಂಡಿತು.

"ಏನು ತಂದೀಯಲೇ ಚೀಲದಾಗ?" ಎಂದು ಪಿಸುಗುಟ್ಟಿದ.

"ಮಿರ್ಚಿ."

"ಇವತ್ತ ಏಕಾದಶಿಲೇ!"

ನೋಡಿ, ನಮ್ಮ ಮನೆಯಲ್ಲಿ ಸೋಮವಾರ ಗೊತ್ತು, ಅಮಾವಾಸ್ಯೆ ಗೊತ್ತು, ಶಿವರಾತ್ರಿ ಗೊತ್ತು. ಏಕಾದಶಿ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ಅದರ ಗೊಡವೆಗೇ ನಾವು ಹೋದವರಲ್ಲ. ಆ ಮನೆಯಲ್ಲಾದರೋ ಅವತ್ತು ಅನ್ನವಿಲ್ಲ, ನೀರೂ ಇಲ್ಲ. ಅಂಥ ಮನೆಯ ನಡುಮನೆಗೆ ನಾನು ಉಳ್ಳಾಗಡ್ಡಿ ಹೊತ್ತುಕೊಂಡು ಬಂದು ನಿಂತಿದ್ದೆ!

ಅಷ್ಟರಲ್ಲಿ ಇಂದಿರಾಬಾಯಿ ದೇವರ ಕೋಣೆಯಿಂದ ಹೊರಗೆ ಬಂದರು. "ಬರ್ರಿ ಬಸವರಾಜ ಮಾಸ್ತರ, ಗಿರಿಜವ್ವ ಆರಾಮ ಇದ್ದಾರ?" ಎಂದವರು ಅಲ್ಲೇ ನಿಂತರು. "ಏನದು ವಾಸನಿ?"

"ಔಷಧಿ ರೀ," ಎಂದೆ. "ಮಣಕಾಲಿಂದು. ಹಚ್ಚಿಕೊಳ್ಳೋ ಎಣ್ಣಿ."

ಅವರು ನನ್ನ ಅಂಗಿಯ ಮೇಲಿನ ಎಣ್ಣೆಯ ಕಲೆ ನೋಡಿದರು. ಅದು ಮೊಣಕಾಲಿನಿಂದ ಬಹಳ ಮೇಲಿತ್ತು. "ಹೊರಗ ಅಂಗಳದಾಗ ಇಡ್ರಿ ಹಂಗಾದ್ರ," ಎಂದರು ಅಷ್ಟೇ.

ಹಿತ್ತಲ ಅಂಗಳಕ್ಕೆ ಹೋಗಿ, ಚೀಲವನ್ನು ತುಳಸಿಕಟ್ಟೆಯಿಂದ ಸಾಕಷ್ಟು ದೂರ, ಗೋಡೆಯ ಬದಿಗೆ ಇಟ್ಟೆ. ಅವತ್ತು ನಾನು ಮಾಡಿದ ಏಕೈಕ ಬುದ್ಧಿವಂತಿಕೆಯ ಕೆಲಸ ಅದು. ಅದನ್ನು ಗೋಡೆಯ ಮೇಲಿದ್ದ ಮಂಗವೊಂದು ಕೂಡಲೇ ಸರಿಪಡಿಸಿತು. ಧಪ್ಪನೆ ಇಳಿದು, ಚೀಲ ಕಿತ್ತುಕೊಂಡು, ಇಡೀ ಅಂಗಳದಲ್ಲಿ ಕೂರಲು ಬೇರೆ ಜಾಗವೇ ಇಲ್ಲವೆಂಬಂತೆ ತುಳಸಿಕಟ್ಟೆಯ ಮೇಲೆ ಹೋಗಿ ಕೂತಿತು. ಡಬ್ಬಿಯ ಮುಚ್ಚಳ ತೆಗೆಯಿತು. ಉಳ್ಳಾಗಡ್ಡಿಯನ್ನು ಮೂಸಿ ಎರಡೂ ಕೈಯಿಂದ ತುಳಸಿಯ ಸುತ್ತ ಚೆಲ್ಲಿತು. ಏಕಾದಶಿಯ ದಿನ ತುಳಸಿಗೆ ಉಳ್ಳಾಗಡ್ಡಿಯ ಅರ್ಚನೆ!

ನಾನು "ಹೇ! ಹೋಗ!" ಎಂದು ಓಡಿದೆ. ಮಂಗ ಹಲ್ಲು ಕಿಸಿಯಿತು. ಏನಾದರೂ ಕೋಲು ಸಿಗುತ್ತದೇನೋ ಎಂದು ಅತ್ತಿತ್ತ ನೋಡಿದೆ. ಗೋಡೆಗೆ ಒರಗಿಸಿದ್ದ ಉದ್ದನೆಯ ಬಿದಿರಿನ ಕೋಲು ಕಂಡಿತು. ಹಿಡಿದೆ, ಎತ್ತಿದೆ, ಬೀಸಿದೆ.

"ಅದನ್ನ ಮುಟ್ಟಬ್ಯಾಡ್ರೀ!" ಎಂದು ಇಂದಿರಾಬಾಯಿ ಬಾಗಿಲಿನಿಂದ ಕೂಗಿದ್ದು ಬೀಸಿದ ಮೇಲೆ ಕೇಳಿಸಿತು.

ಅದು ಮಡಿಕೋಲು. ಒಗೆದ ಸೀರೆಯನ್ನು ಯಾರೂ ಮುಟ್ಟದ ಹಾಗೆ ಎತ್ತರದ ಹಗ್ಗಕ್ಕೆ ಏರಿಸಲು ಇಟ್ಟ ಕೋಲು. ಒಣಗಿದ ಮೇಲೆ ಅದೇ ಕೋಲಿನಿಂದ ಇಳಿಸಿ, ಆ ಸೀರೆ ಉಟ್ಟು ಮರುದಿನ ಅಡುಗೆ. ಆ ಮನೆಯ ಯಜಮಾನನೇ ಅದನ್ನು ಮುಟ್ಟುವಂತಿಲ್ಲ. ನಾನು ಬೀಸಿದ ರಭಸಕ್ಕೆ ಕೋಲಿನ ತುದಿ ಮೇಲಿನ ಹಗ್ಗಕ್ಕೆ ಸಿಕ್ಕಿ, ದ್ವಾದಶಿಯ ದಿನ ಉಪವಾಸ ಬಿಡುವ ಪಾರಣೆಯ ಅಡುಗೆಗೆಂದು ಒಣಹಾಕಿದ್ದ ಒಂಬತ್ತು ಗಜದ ಸೀರೆ ಇಡಿಯಾಗಿ ನನ್ನ ತಲೆಯ ಮೇಲೆ ಬಿತ್ತು. ಕಣ್ಣು ಕಾಣಲಿಲ್ಲ. ತಿರುಗಿದೆ, ಇನ್ನಷ್ಟು ಸುತ್ತಿಕೊಂಡಿತು. ಸೀರೆಯೊಳಗಿನಿಂದ ನನಗೆ ಕೇಳಿಸಿದ್ದು ಮಂಗ ಮಿರ್ಚಿ ತಿಂದು ಖಾರಕ್ಕೆ ಕಿರುಚಿದ್ದು, ಮತ್ತು ಬಾಗಿಲಿಗೆ ಬಂದಿದ್ದ ಗುರ್ಯಾ, "ಪುಣ್ಯ ಮಾಡ್ಯದ ನೋಡಲೇ ಮಂಗ್ಯಾ," ಎಂದು ನಿಟ್ಟುಸಿರು ಬಿಟ್ಟಿದ್ದು.

ಮುಖ ಹೊರಗೆ ತೆಗೆಯುವಷ್ಟರಲ್ಲಿ ಮಂಗ ಡಬ್ಬಿಯ ಸಮೇತ ಪಕ್ಕದ ಮನೆಯ ಮಾಳಿಗೆ ಸೇರಿತ್ತು. ಇಂದಿರಾಬಾಯಿ ನನ್ನೆದುರು ನಿಂತಿದ್ದರು. ಇವತ್ತಿಗೆ ನನ್ನ ಕಥೆ ಮುಗಿಯಿತು, ಇನ್ನು ಈ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ, ಗುರ್ಯಾನನ್ನು ಇನ್ನು ಪೂರ್ತಿ ಕಳೆದುಕೊಂಡೆ ಎಂದು ನಿಂತೆ.

"ಮಾಸ್ತರ, ಸೀರಿ ನಿಮಗ ಛಲೋ ಒಪ್ಪೇದ," ಎಂದರು ಅವರು. "ಆದ್ರ ಬಿಚ್ಚಿಡ್ರಿ. ನಾಳೆ ನಾ ಉಡಬೇಕು. ಮತ್ತೊಮ್ಮೆ ಒಗೀತೀನಿ."

"ತಪ್ಪಾತ್ರೀ ತಾಯಿ. ಅದು ಔಷಧಿ..."

"ನಿಮ್ಮ ಮಾಳಿಗಿ ಮ್ಯಾಲಿನ ಔಷಧಿ ನನಗ ಗೊತ್ತಿಲ್ಲೇನ್ರೀ? ಲವಂಗ ಜಗದು ಬಂದ್ರ ಉಳ್ಳಾಗಡ್ಡಿ ವಾಸನಿ ಹೋಗ್ತದೇನು?" ಗುರ್ಯಾ ಗೋಡೆಯ ಕಡೆ ತಿರುಗಿದ. ಅವರು ನನ್ನ ಹತ್ತಿರ ಒಂದು ಹೆಜ್ಜೆ ಬಂದು ದನಿ ತಗ್ಗಿಸಿದರು. "ಇಲ್ಲಿಗೆ ಬಂದಾಗಿಂದ ಇವರು ಒಮ್ಮೆನೂ ದನಿ ಎತ್ತಿಲ್ರಿ. ನಾ ಏನಂದ್ರೂ ಹೂಂ ಅಂತಾರ. ನಾ ಅಂಗಳ ತೊಳಿಯೂದ್ರಾಗ ಹೊಳಿ ಕಡೆ ಕರಕೊಂಡು ಹೋಗಿ ಒಂದಿಷ್ಟು ಜಗಳಾಡ್ರಿ."

ಹೊಳೆ ದಂಡೆಯಲ್ಲಿ ಬಿಸಿಲು ಇಳಿಯುತ್ತಿತ್ತು. ಒಂದು ಕಲ್ಲಿನ ಮೇಲೆ ಗುರ್ಯಾ ಕೂತ, ಪಕ್ಕದ ಕಲ್ಲಿನ ಮೇಲೆ ನಾನು ಕೂತೆ. ಬಾಯಿಪಾಠ ಮಾಡಿದ್ದ ಭಾಷಣದ ಒಂದು ಪದವೂ ನೆನಪಿಗೆ ಬರಲಿಲ್ಲ.

"ಗುರ್ಯಾ, ನೀ ಗೆದ್ದೀಪಾ. ಸೆಕ್ಟ್ ಅಂದ್ರ ಫಾಲೋನ. ಫೋನ್ನ್ಯಾಗ ನೋಡಿದೆ."

ಅವನು ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನು ತಲೆ ಅಲ್ಲಾಡಿಸಿದ.

"ಅಲ್ಲಲೇ ಬಸ್ಯಾ," ಎಂದ. "ನೀ ಹೇಳಿದ್ದ ಖರೆ. ಕಟ್ ಅಂತನ ಅದು. ನಾ ಹೆಂಡ್ತಿ ಹಿಂದ ಬಂದೆ, ತಪ್ಪಲ್ಲ ಅದು, ಅಕಿ ನಿಮ್ಮ ಊರಾಗ ಅಷ್ಟು ವರ್ಷ ನನ್ನ ಹಿಂದ ಇದ್ದಳು. ಆದ್ರ ಒಂದು ಕಡೆ ಹಿಂದ ಹೋದ್ರ ಇನ್ನೊಂದು ಕಡೆ ಕಟ್ ಆಗ್ತದ. ಇಲ್ಲಿ ದಿನಾ ಸಂಜಿಕ ಒಬ್ಬನ ಬಂದು ಕುಂದರತೀನಿ. ಬಸ್ಯಾ ಹೇಳಿದ್ದ ಖರೆ ಅದ ಅಂತ ಅನಿಸ್ತದ."

ನನ್ನ ಹಾಗೆಯೇ ಇವನೂ ಇಲ್ಲೊಂದು ಖಾಲಿ ಕಲ್ಲಿನ ಪಕ್ಕ ಕೂತಿದ್ದನೇ! ಕೈ ಹಿಡಿದುಕೊಳ್ಳೋಣ ಎನಿಸಿತು. ಆದರೆ ಎಷ್ಟೆಂದರೂ ನಾನು ಮೇಷ್ಟ್ರು. ತಪ್ಪು ಉತ್ತರ ಕಿವಿಗೆ ಬಿದ್ದರೆ ಸುಮ್ಮನಿರಲು ಬರುವುದಿಲ್ಲ.

"ಕಟ್ ಅಲ್ಲಲೇ. ಫಾಲೋ. ಫೋನ್ನ್ಯಾಗ ಐತಿ ಅಂತ ಹೇಳಿದ್ನಲ್ಲ."

"ಫೋನಿಗೇನು ಗೊತ್ತಲೇ? ಯಾರು ನೋಡು ಅಂದ್ರು ನಿನಗ? ಕಾನೂನು ಮುರದಿ ನೀ!"

"ನೀನಾ ಅಂದಿದ್ದಲ್ಲಲೇ, ಸೀಕ್ವೆನ್ಸ್ ಅಂತ, ಅಣ್ಣತಮ್ಮ ಅಂತ!"

"ನೀನಾ ಅಂದಿದ್ದಿ ಇನ್ಸೆಕ್ಟ್ ಅಂತ! ಇನ್ಸೆಕ್ಟಿಗೆ ಏನು ಉತ್ತರ ಕೊಡ್ತಿ, ಹೇಳು!"

ಅವನ ದನಿ ಏರಿತು. ನನ್ನ ದನಿ ಏರಿತು. ಬೆಳಗಿನಿಂದ ಒಂದು ಹನಿ ನೀರು ಕುಡಿಯದ ಮನುಷ್ಯ ಎದ್ದು ನಿಂತು ಕೈ ಬೀಸಿ ಕೂಗತೊಡಗಿದ. ಅವನ ಹಳೆಯ ವಾದವನ್ನೆಲ್ಲ ನಾನು ಹೇಳಿದೆ, ನನ್ನ ಹಳೆಯ ವಾದವನ್ನೆಲ್ಲ ಅವನು ಹೇಳಿದ, ನನಗಿಂತ ಚೆನ್ನಾಗಿ ಹೇಳಿದ! ತೆಪ್ಪ ದಡಕ್ಕೆ ಎಳೆಯುತ್ತಿದ್ದ ಮೀನುಗಾರನೊಬ್ಬ ಬಂದು, "ಯಾಕ್ರೀ ಯಜಮಾನ್ರ, ಹೊಲದ ಜಗಳೇನ್ರೀ?" ಎಂದು ಕೇಳಿದ. "ಲ್ಯಾಟಿನ್ ಜಗಳಪಾ!" ಎಂದು ಇಬ್ಬರೂ ಒಟ್ಟಿಗೆ ಗದರಿದೆವು. ಅವನು ಇವರ ಸಹವಾಸ ಬೇಡವೆಂದು ಹೋದ. ಅಷ್ಟು ಸುಖವಾಗಿ ನಾನು ಎಷ್ಟೋ ದಿನದಿಂದ ಕೂಗಾಡಿರಲಿಲ್ಲ.

ಕೂಗಾಡುತ್ತಲೇ ಬಸ್ ಸ್ಟ್ಯಾಂಡಿಗೆ ಬಂದೆವು. ಕೂಗಾಡುತ್ತಲೇ ನಾನು ಎದುರಿಗೆ ನಿಂತಿದ್ದ ಬಸ್ಸು ಹತ್ತಿದೆ. ಗುರ್ಯಾ ಕಿಟಕಿಯ ಕೆಳಗೆ ನಿಂತಿದ್ದ. ಬಸ್ಸು ಅಲುಗಿತು. ಇನ್ನು ಮತ್ತೆ ಊಟ ಆತೇನಲೇ, ಆತು, ನಿಂದು ಎನ್ನುವ ದಿನಗಳೇ ಎನಿಸಿತು.

"ಫಾಲೋ ಲೇ!" ಎಂದು ಕುತ್ತಿಗೆ ಹೊರಗೆ ಹಾಕಿ ಕೂಗಿದೆ.

"ಕಟ್ ಲೇ!" ಎಂದು ಅವನು ಕೂಗಿದ. ಈ ಸಲ ಚೆನ್ನಾಗಿ ಕೇಳಿಸಿತು.

ಕಣ್ಣೊರೆಸಿಕೊಂಡು ಕೂತಾಗ ಕಿಟಕಿಯಲ್ಲಿ ಹೊಳೆ ಕಂಡಿತು. ಎರಡೂ ಬದಿಗೆ ಕಂಡಿತು. ಬಸ್ಸು ಸೇತುವೆಯ ಮೇಲಿತ್ತು! ಹೊಸಪೇಟೆಗೆ ಹೋಗಲು ಹೊಳೆ ದಾಟುವುದು ಯಾವಾಗಿನಿಂದ?

"ಎಲ್ಲಿಗ್ರೀ?" ಎಂದ ಕಂಡಕ್ಟರ್.

"ಹೊಸಪೇಟಿ."

"ಹೊಸಪೇಟಿ ಹಿಂದ ಉಳೀತ್ರಿ. ಇದು ಗಂಗಾವತಿ ಬಸ್ಸು."

ಹೊಳೆಯಾಚೆ ಇಳಿಸಿದರು. ಆಟೋ ಹಿಡಿದು ಮತ್ತೆ ಕಂಪ್ಲಿ ಬಸ್ ಸ್ಟ್ಯಾಂಡಿಗೆ ಬಂದಾಗ ಗುರ್ಯಾ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಒಂದು ಚಿಪ್ಪು ಬಾಳೆಹಣ್ಣು.

"ಇನ್ನೂ ಮನಿಗೆ ಹೋಗಿಲ್ಲೇನಲೇ?"

"ಆ ಬಸ್ಸು ಗಂಗಾವತಿದು ಅಂತ ನನಗ ಗೊತ್ತಿತ್ತು. ವಾಪಸ್ ಬರ್ತಿ ಅಂತ ಕುಂತೆ," ಎಂದ. "ಹಣ್ಣು ನಿನಗ. ನಾಳೆ ಪಾರಣಿ ಅಡಿಗಿ ಮಾಡೋ ಮಟ ನಮ್ಮನ್ಯಾಗ ಒಲಿ ಹಚ್ಚಂಗಿಲ್ಲ."

"ಗೊತ್ತಿದ್ರ ಯಾಕ ಹೇಳಲಿಲ್ಲಲೇ?"

"ಹೇಳಿದ್ರ ನೀ ಇಳದು ಹೊಸಪೇಟಿ ಬಸ್ ಹತ್ತಿ ಹೋಗಿಬಿಡ್ತಿದ್ದಿ," ಎಂದ ಗುರ್ಯಾ, ನನ್ನ ಮುಖ ನೋಡದೆ.

ಅವನ ಪಕ್ಕ ಕೂತೆ. ಹೊಸಪೇಟೆಯ ಬಸ್ಸೊಂದು ನಮ್ಮೆದುರೇ ಬಂದು ನಿಂತು ಹೋಯಿತು. ಇಬ್ಬರೂ ಅದನ್ನು ನೋಡಲಿಲ್ಲ. ಅಷ್ಟರಲ್ಲಿ ಜೇಬಿನಲ್ಲಿ ಫೋನು ರಿಂಗಾಯಿತು.

"ಗೆದ್ರೋ, ಸೋತ್ರೋ?" ಎಂದಳು ಗಿರಿಜಾ.

"ಇನ್ನೂ ನಡದೈತಿ. ಇವತ್ತ ಇಲ್ಲೇ ಉಳೀತೀನಿ."

"ಉಳೀರಿ, ಛಲೋ ಆತು. ಡಬ್ಬಿ ಎಲ್ಲೈತಿ?"

ಹೊಳೆಯ ದಂಡೆಯ ಮೇಲೆ ನಿಂತು ಲ್ಯಾಟಿನ್ ಬೇರುಗಳ ಬಗ್ಗೆ ಅಷ್ಟು ಗುಡುಗಿದ ಪಂಡಿತ ನಾನು. ಬಸ್ಸಿನ ಹಣೆಯ ಮೇಲೆ ಕನ್ನಡದಲ್ಲಿ, ಅಂಗೈಯಗಲದ ಅಕ್ಷರದಲ್ಲಿ ಬರೆದಿದ್ದ ಗಂಗಾವತಿ ಎಂಬುದನ್ನು ಓದಲು ನನಗೆ ಬಂದಿರಲಿಲ್ಲ. ಅತ್ತೆಯವರ ಡಬ್ಬಿಯನ್ನು ಮಂಗನ ಕೈಯಿಂದ ಬಿಡಿಸಲೂ ಬಂದಿರಲಿಲ್ಲ. ಫೋನು ಜೇಬಿಗೆ ಹಾಕಿ ಬಾಳೆಹಣ್ಣು ಸುಲಿಯತೊಡಗಿದೆ. ಹಾಗೆಯೇ ಪಕ್ಕದಲ್ಲಿ ಉಪವಾಸವಿದ್ದವನ ಮುಖ ನೋಡಿ, ಸುಲಿದದ್ದನ್ನು ಬಾಯಿಗಿಡಲಾಗದೆ ಕೈಯಲ್ಲೇ ಹಿಡಿದು ಕೂತೆ. ನಮ್ಮ ವಂಶದಲ್ಲಿ ಏಕಾದಶಿ ಮಾಡಿದ ಮೊದಲ ಶೈವ ನಾನೇ ಇರಬೇಕು!